ಆ ಫೋಟೋ ನೋಡಿದ ಮೇಲೆ ನಿನಗೆ ಬರೀಬೇಕು ಅನ್ನಿಸ್ತು

ಪ್ರಿಯ ಗೆಳೆಯಾ,

ಎಲ್ಲರ ಕಣ್ಣೆದುರೇ ಪತ್ರ ಬರೀತಿದ್ದೀನಿ ಅಂತ ಕೋಪ ಮಾಡ್ಕೋಬೇಡ. ಮೂರನೇ ಬೆಂಚಿನ ಗುಟ್ಟು ಯಾವುದನ್ನೂ ಬಿಟ್ಟುಕೊಡೋದಿಲ್ಲ. ಮಹಾರಾಜರು ಕ್ಷೇಮ, ಛತ್ರಿ ಮಾತ್ರ ಇನ್ನೂ ವಾಪಸ್ ಬಂದಿಲ್ಲ.

ಫೋನ್ ಹಿಡ್ಕೊಂಡು ಮಾಡೋ ಹೋರಾಟದಿಂದ ಏನಾದರೂ ಆಗುತ್ತಾ ಅಂತ ಕೇಳಿದ್ದೆಯಲ್ಲ. ಆಗುತ್ತೆ ಕಣೋ. 2014ರಲ್ಲಿ ಜನ ತಲೆ ಮೇಲೆ ಐಸ್ ನೀರು ಸುರಿದುಕೊಂಡು ವಿಡಿಯೋ ಹಾಕಿದಾಗ ಬರೀ ಹುಡುಗಾಟ ಅಂದವರೇ ಹೆಚ್ಚು. ಆ ಹುಡುಗಾಟದಿಂದ, ಸ್ನಾಯುಗಳ ಶಕ್ತಿ ಕುಂದಿಸೋ ಎಎಲ್‌ಎಸ್ ಅನ್ನೋ ನರರೋಗದ ವಿರುದ್ಧ ಕೆಲಸ ಮಾಡೋ ಅಮೆರಿಕದ ಎಎಲ್‌ಎಸ್ ಅಸೋಸಿಯೇಷನ್‌ಗೆ 11.5 ಕೋಟಿ ಡಾಲರ್ ಬಂತು. ಆ ದುಡ್ಡಿನ ನೆರವಿನಲ್ಲಿ ನಡೆದ ಸಂಶೋಧನೆಯಿಂದ 2016ರಲ್ಲಿ ಆ ಕಾಯಿಲೆಗೆ ನಂಟಿರೋ ಒಂದು ಜೀನ್ ಪತ್ತೆಯಾಯ್ತು. ಟರಾನಾ ಬರ್ಕ್ ಲೈಂಗಿಕ ದೌರ್ಜನ್ಯದ ವಿರುದ್ಧ 2006ರಲ್ಲಿ ಶುರುಮಾಡಿದ 'ಮೀ ಟೂ' 2017ರಲ್ಲಿ ಹ್ಯಾಶ್‌ಟ್ಯಾಗ್ ಆದಾಗ, ತನಗೊಬ್ಬಳಿಗೇ ಹೀಗಾಯ್ತು ಅಂತ ಬಾಯಿಮುಚ್ಚಿಕೊಂಡಿದ್ದ ಎಷ್ಟೋ ಹೆಣ್ಣುಮಕ್ಕಳು ಒಬ್ಬರಿಗೊಬ್ಬರು ಸಿಕ್ಕರು. ಇದನ್ನು ಯಾರಾದರೂ ಹಗುರವಾಗಿ ಆಡಿದರೆ ನನಗೆ ಸಿಟ್ಟು ಬರುತ್ತೆ.

ಆದರೆ ಅಮೆರಿಕದಲ್ಲಿ ಕಪ್ಪು ಜನರ ಮೇಲಿನ ಪೊಲೀಸ್ ದೌರ್ಜನ್ಯದ ವಿರುದ್ಧ ಪ್ರತಿಭಟನೆ ನಡೀತಿದ್ದಾಗಿನ 2020ರ ಜೂನ್ 2 ನೆನಪಿದೆಯಾ? ಲಕ್ಷಾಂತರ ಜನ ಇನ್‌ಸ್ಟಾಗ್ರಾಮ್‌ನಲ್ಲಿ ಒಂದೊಂದು ಕಪ್ಪು ಚೌಕ ಹಾಕಿದರು, ಒಳ್ಳೇ ಮನಸ್ಸಿಂದಲೇ. ಬಹಳ ಜನ ಅದಕ್ಕೆ 'ಬ್ಲ್ಯಾಕ್ ಲೈವ್ಸ್ ಮ್ಯಾಟರ್' ಹ್ಯಾಶ್‌ಟ್ಯಾಗೂ ಸೇರಿಸಿದರು. ಪ್ರತಿಭಟನೆ ಎಲ್ಲಿ, ಬಂಧಿತರ ಜಾಮೀನಿಗೆ ದುಡ್ಡು ಯಾರಿಗೆ ಕಳಿಸಬೇಕು ಅಂತ ಅದೇ ಹ್ಯಾಶ್‌ಟ್ಯಾಗಲ್ಲಿ ಹುಡುಕುತ್ತಿದ್ದವರಿಗೆ ಕಂಡದ್ದು ಕಪ್ಪು, ಎಷ್ಟು ಕೆಳಗೆ ಸರಿಸಿದರೂ ಕಪ್ಪು. ಬೇಕಾದ ಮಾಹಿತಿ ಬೆಂಬಲದ ಅಡಿಯಲ್ಲೇ ಹೂತುಹೋಯ್ತು.

ಅದರ ಜೊತೆಗೇ ಅಮೆರಿಕದ ಮಾಂಟ್ಗೊಮರಿ ಊರಿನ 1955ರ ಬಸ್ ಬಹಿಷ್ಕಾರ ನೆನಪಾಗುತ್ತೆ. ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡದ ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಬಂಧನವಾದ ರಾತ್ರಿ, ಕಾಲೇಜು ಅಧ್ಯಾಪಕಿ ಜೋ ಆನ್ ರಾಬಿನ್ಸನ್ ಬಹಿಷ್ಕಾರದ ಕರೆ ಅಚ್ಚು ಹಾಕೋಕೆ ತಮ್ಮ ಕಾಲೇಜಿನ ಸೈಕ್ಲೋಸ್ಟೈಲ್ ಯಂತ್ರದ ಮುಂದೆ ನಿಂತರು. ಒಂದು ಹಾಳೆಗೆ ಮೂರು ಕರಪತ್ರ, ಕತ್ತರಿಸೋದು, ಕಟ್ಟು ಕಟ್ಟೋದು, ಬೆಳಗಾಗೋವರೆಗೂ ಅದೇ. ಇವತ್ತು ಅಷ್ಟು ಜನಕ್ಕೆ ಸುದ್ದಿ ಮುಟ್ಟಿಸೋಕೆ ಒಂದು ನಿಮಿಷ ಸಾಕು. ಆದರೆ ಆ ಕಟ್ಟುಗಳನ್ನು ಯಾರ ಕೈಗೆ ಕೊಡಬೇಕು ಅನ್ನೋದು ಅವರ ಬಳಗಕ್ಕೆ ಮೊದಲೇ ಗೊತ್ತಿತ್ತು. ಬಸ್ ಬಹಿಷ್ಕಾರ ನಡೆದದ್ದು 381 ದಿನ. ಅಷ್ಟೂ ದಿನ ಜನ ನಡೆದರು, ಕಾರಿದ್ದವರು ಇಲ್ಲದವರನ್ನು ಕೂರಿಸಿಕೊಂಡು ಹೋದರು. ನಮ್ಮ ರ‍್ಯಾಂಪ್ ಅಭಿಯಾನಕ್ಕೆ, ಅಂದರೆ ಮೆಟ್ಟಿಲಿರೋ ಕಡೆ ವೀಲ್‌ಚೇರ್ ಹೋಗೋ ಇಳಿಜಾರು ದಾರಿ ಬೇಕು ಅನ್ನೋ ಬೇಡಿಕೆಗೆ, ಸಹಿ ಹಾಕಿದವರು ಸಾವಿರಾರು ಜನ. ಅವರಲ್ಲಿ ಒಬ್ಬರ ದನಿಯನ್ನೂ ನಾನು ಕೇಳಿಲ್ಲ.

ಇಲ್ಲಿಗೇ ನಿಲ್ಲಿಸಬೇಕು ಅಂತಿದ್ದೆ. ಆದರೆ ನಿನ್ನ ಹತ್ತಿರ ಮುಚ್ಚಿಡೋದೇನು?

ಮೊನ್ನೆ ಯಾರೋ ಒಂದು ಫೋಟೋ ಕಳಿಸಿದರು. ಮೆಟ್ಟಿಲ ಮೇಲೆ ನಾಲ್ಕು ಜನ ವೀಲ್‌ಚೇರ್ ಎತ್ತಿ ಹಿಡಿದಿದ್ದಾರೆ. ಅದರಲ್ಲಿ ಕೂತ ಹೆಂಗಸು ಕಾಗದದ ಫೈಲನ್ನು ಎರಡೂ ಕೈಯಿಂದ ಎದೆಗೆ ಅವಚಿಕೊಂಡು ಮುಖ ಪಕ್ಕಕ್ಕೆ ತಿರುಗಿಸಿದ್ದಾರೆ. ನನಗೆ ಮೊದಲು ಹೊಳೆದದ್ದು ಅವರ ಸಂಕಟ ಅಲ್ಲ. 'ಇದನ್ನು ಜನ ಹಂಚಿಕೊಳ್ತಾರೆ' ಅನ್ನೋದು. ಆಮೇಲೆ ಅವರ ಮುಖ ಕಾಣಿಸ್ತು. ಆ ಕ್ಷಣ ನನ್ನನ್ನು ನಾನೇ ಹೆದರಿ ನೋಡಿದೆ. ಇನ್ನೊಂದು ಹೇಳಲಾ? ಅವತ್ತಿಂದ ನನ್ನ ತಲೆ ತುಂಬಾ ಇರೋದು ಮೆಟ್ಟಿಲಿಗೆ ಹೆದರಿ ಮನೆಯಿಂದ ಹೊರಗೇ ಬಾರದವರು. ಅವರ ಫೋಟೋ ಯಾರು ತೆಗೀತಾರೆ? ಪರದೆ ಮೇಲೆ ಹೋರಾಡ್ತಾ ಹೋರಾಡ್ತಾ, ಪರದೆಗೆ ಬಾರದ ನೋವನ್ನು ನೋವು ಅಂತ ಗುರುತಿಸೋ ಶಕ್ತಿಯೇ ಹೋಗಿಬಿಟ್ಟರೆ?

ಸರಿ ಸರಿ, ನೀನು ಈಗ ಹುಬ್ಬು ಗಂಟಿಕ್ಕಿರ್ತೀಯ, ನನಗೆ ಕಾಣ್ತಿದೆ. ಸಮಾಧಾನ ಹೇಳೋಕೆ ಬರಬೇಡ, ಕೆಲಸ ಇದೆ. ಸಹಿ ಹಾಕಿ ನಂಬರ್ ಕೊಟ್ಟವರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಬೇಕು. ಅರ್ಧ ಪಟ್ಟಿ ನಿನಗೆ. ಆ ನಿನ್ನ ಆಕಾಶವಾಣಿ ದನಿಗೆ ಪ್ರಿನ್ಸಿಪಾಲರೇ ಕರಗಿದ್ದರಲ್ಲ, ಇವರು ಇಲ್ಲ ಅಂತಾರಾ? ಇದನ್ನು ಓದ್ತಿರೋ ಉಳಿದವರಲ್ಲಿ ಯಾರಿಗಾದರೂ ಸಂಜೆ ಒಂದು ಗಂಟೆ ಬಿಡುವಿದ್ದರೆ ನೀವೂ ಹೇಳಿ, ಪಟ್ಟಿ ಉದ್ದ ಇದೆ.

ನಿನ್ನವನೇ