ತಿರುವಿನಲ್ಲಿ ಹೊರಗೆ ಜಾರುವ ಕಾರಿಗೆ ಅಲಾಯ್ ವ್ಹೀಲ್ ಮದ್ದಲ್ಲ

ಮಾನ್ಯರೇ,

ದಾವಣಗೆರೆ–ಚಿತ್ರದುರ್ಗ ಹೆದ್ದಾರಿಯಲ್ಲಿ ಸರಾಗವಾಗಿ ಬಂದ ಕಾರು ಅದೇ ವೇಗದಲ್ಲಿ ಸರ್ವೀಸ್ ರಸ್ತೆಗೆ ಇಳಿದರೆ, ಸ್ಟೇರಿಂಗ್ ತಿರುಗಿಸಿದಷ್ಟು ತಿರುಗದೆ ಹೊರಗಿನ ಅಂಚಿಗೆ ಜಾರುತ್ತದೆ. ಇದೇ ಅಂಡರ್‌ಸ್ಟೀರ್. ಫ್ರಂಟ್ ವ್ಹೀಲ್ ಡ್ರೈವ್ ಕಾರುಗಳಲ್ಲಿ ಎಂಜಿನ್, ಗೇರ್‌ಬಾಕ್ಸ್ ಎರಡೂ ಮುಂದಿರುವುದರಿಂದ ತೂಕದ ಸುಮಾರು ಶೇ 60ರಷ್ಟು ಮುಂದಿನ ಚಕ್ರಗಳ ಮೇಲೆಯೇ ಬೀಳುತ್ತದೆ. ಕಾರನ್ನು ಎಳೆಯುವುದೂ ತಿರುಗಿಸುವುದೂ ಆ ಎರಡು ಟೈರ್‌ಗಳೇ. ತಿರುವಿನ ನಡುವೆ ಆಕ್ಸಿಲರೇಟರ್ ಒತ್ತಿದರೆ ತಿರುಗಲು ಬೇಕಾದ ಹಿಡಿತ ಎಳೆಯುವುದಕ್ಕೇ ಖರ್ಚಾಗಿಬಿಡುತ್ತದೆ.

ಇದಕ್ಕೆ ಪರಿಹಾರವೆಂದು ನಮ್ಮ ಹುಡುಗರು ದೊಡ್ಡ ಅಲಾಯ್ ವ್ಹೀಲ್ ಹಾಕಿಸಿ, ಸ್ಪ್ರಿಂಗ್ ಕತ್ತರಿಸಿ ಕಾರನ್ನು ತಗ್ಗಿಸುತ್ತಾರೆ. ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಂದಾಗಿರುವ ಕಂಬ) ಇರುವ ಕಾರನ್ನು ಅತಿಯಾಗಿ ತಗ್ಗಿಸಿದರೆ, ಚಕ್ರವನ್ನು ಕೆಳಗಿನಿಂದ ಬಾಡಿಗೆ ಜೋಡಿಸುವ ಲೋವರ್ ಆರ್ಮ್‌ನ ಹೊರತುದಿ ಮೇಲೇರಿ, ಬಾಡಿ ಇಳಿದದ್ದಕ್ಕಿಂತ ಹೆಚ್ಚಾಗಿ ರೋಲ್ ಸೆಂಟರ್, ಅಂದರೆ ತಿರುವಿನಲ್ಲಿ ಬಾಡಿ ವಾಲುವ ಕೇಂದ್ರಬಿಂದು, ಕೆಳಗಿಳಿಯುತ್ತದೆ. ಆಗ ತಿರುವಿನಲ್ಲಿ ಬಾಡಿ ಹೆಚ್ಚು ಓಲಿ, ಹೊರಗಿನ ಚಕ್ರವೂ ಹೊರಕ್ಕೆ ವಾಲಿ ಟೈರಿನ ಅಂಚಿನ ಮೇಲೆ ನಿಲ್ಲುತ್ತದೆ. ಹಣ ಕೊಟ್ಟು ಹಿಡಿತ ಕಳೆದುಕೊಂಡಂತೆ.

ಮೊದಲು ನೋಡಬೇಕಾದ್ದು ಗಾಳಿ. ಎಷ್ಟು ಪೌಂಡ್ ಇರಬೇಕೆಂಬುದನ್ನು ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿ ಮುಂದೆ, ಹಿಂದೆ ಬೇರೆಬೇರೆಯಾಗಿ ಬರೆದಿರುತ್ತಾರೆ. ಟೈರ್ ತಣ್ಣಗಿರುವಾಗಲೇ ಅಳೆಯಬೇಕು. ಮುಂದೆ ಗಾಳಿ ಕಡಿಮೆಯಿದ್ದರೆ ಅಂಡರ್‌ಸ್ಟೀರ್ ಹೆಚ್ಚುತ್ತದೆ. ಟೈರಿನ ಬದಿಯಲ್ಲಿರುವ ನಾಲ್ಕಂಕಿಯನ್ನೂ ಓದಿ: 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಅಷ್ಟು ಹಳೆಯ ರಬ್ಬರ್ ಗಟ್ಟಿಯಾಗಿರುತ್ತದೆ, ಟೈರಿನ ಮೇಲ್ಮೈಯ ಗೀರು (ಟ್ರೆಡ್) ಆಳವಾಗಿದ್ದರೂ ಮಳೆಯಲ್ಲಿ ನಂಬುವಂತಿಲ್ಲ.

ಎರಡೇ ಹೊಸ ಟೈರ್ ಕೊಂಡರೆ ಅವನ್ನು ಮುಂದೆ ಹಾಕುವ ರೂಢಿ ನಮ್ಮ ಟೈರ್ ಅಂಗಡಿಗಳಲ್ಲಿದೆ. ಅದು ತಪ್ಪು. ಅದರಿಂದ ಮುಂಭಾಗ ಚೆನ್ನಾಗಿ ತಿರುಗುತ್ತದೆ ನಿಜ, ಆದರೆ ಸವೆದ ಹಿಂದಿನ ಟೈರ್ ಒದ್ದೆ ರಸ್ತೆಯಲ್ಲಿ ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ, ಸಾಮಾನ್ಯ ಚಾಲಕರಿಗೆ ಅದನ್ನು ಸರಿಪಡಿಸಲಾಗದು. ಹೊಸವು ಹಿಂದಕ್ಕೇ ಇರಲಿ.

ಇನ್ನು ಕೆಳಗಿನ ಭಾಗಗಳು. ಕಾರನ್ನು ಜಾಕ್ ಮೇಲೆತ್ತಿ ಸ್ಟ್ಯಾಂಡ್ ಕೊಟ್ಟು, ಚಕ್ರವನ್ನು ಎಡ–ಬಲ ಬದಿಗಳಲ್ಲಿ ಹಿಡಿದು ಅಲ್ಲಾಡಿಸಿ. ಲೊಡಕು ಸಿಕ್ಕರೆ ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಎಂಡ್ ಅಥವಾ ಸ್ಟೇರಿಂಗ್ ರ‍್ಯಾಕ್ ನೋಡಿಸಿ. ಮೇಲೆ–ಕೆಳಗೆ ಹಿಡಿದಾಗ ಅಲ್ಲಾಡಿದರೆ ಬಾಲ್ ಜಾಯಿಂಟ್ ಇಲ್ಲವೇ ಬೇರಿಂಗ್ ಹೋಗಿದೆ. ಲೋವರ್ ಆರ್ಮ್ ಬುಷ್‌ಗೆ ಸಣ್ಣ ಹಾರೆ ಕೊಟ್ಟು ಮೀಟಿದರೆ ರಬ್ಬರ್ ಹರಿದಿರುವುದು ಕಾಣುತ್ತದೆ. ಇವುಗಳಲ್ಲಿ ಹಾಳಾದವನ್ನು ಬದಲಿಸಿದ ಮೇಲೆಯೇ ಚಕ್ರಗಳ ಕೋನ ಸರಿಹೊಂದಿಸುವ ವ್ಹೀಲ್ ಅಲೈನ್‌ಮೆಂಟ್ ಮಾಡಿಸಬೇಕು, ಮೊದಲೇ ಮಾಡಿಸಿದರೆ ಆ ದುಡ್ಡು ದಂಡ. ಮಾಡಿಸುವ ಮುಂಚಿನ ಮತ್ತು ನಂತರದ ಅಳತೆಯ ಪ್ರಿಂಟ್ ಕೇಳಿ ಪಡೆಯಿರಿ.

ಎಲ್ಲ ಸರಿಯಿದ್ದೂ ಮುಂದಿನ ಟೈರ್‌ಗಳ ಹೊರ ಅಂಚು ಮಾತ್ರ ಸವೆಯುತ್ತಿದ್ದರೆ ಕ್ಯಾಂಬರ್ ಬೋಲ್ಟ್ ಹಾಕಿಸಿ ಚಕ್ರದ ಮೇಲ್ಭಾಗವನ್ನು ಒಂದು ಡಿಗ್ರಿಯಷ್ಟು ಒಳಕ್ಕೆ ವಾಲಿಸಬಹುದು. ಆಮೇಲೆ ಟೋ ಅಳತೆ (ಮೇಲಿನಿಂದ ನೋಡಿದಾಗ ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ) ಮತ್ತೆ ಹೊಂದಿಸಲೇಬೇಕು, ಇಲ್ಲದಿದ್ದರೆ ಒಳ ಅಂಚು ತಿಂಗಳುಗಳಲ್ಲೇ ಬೋಳಾಗುತ್ತದೆ. ತಿರುವಿನಲ್ಲಿ ಬಾಡಿ ವಾಲುವುದನ್ನು ತಡೆಯುವ ಆಂಟಿ ರೋಲ್ ಬಾರನ್ನು ಹಿಂದೆ ದಪ್ಪದ್ದು ಹಾಕಿಸಿದರೂ ಅಂಡರ್‌ಸ್ಟೀರ್ ಇಳಿಯುತ್ತದೆ, ಆದರೆ ಮಳೆಯಲ್ಲಿ ಆಕ್ಸಿಲರೇಟರ್‌ನಿಂದ ಹಠಾತ್ತನೆ ಕಾಲು ತೆಗೆದರೆ ಹಿಂಭಾಗ ಎಗರಬಹುದು. ಮನೆಮಂದಿ ಓಡಾಡುವ ಕಾರಿಗೆ ಅದು ಬೇಡ.

ಓಡಿಸುವಾಗ ಬ್ರೇಕ್ ಹಾಕುವುದು ತಿರುವಿಗೆ ಮುಂಚೆ, ನೇರದಲ್ಲೇ ಮುಗಿಯಲಿ. ಆದರೂ ಜಾರಿದರೆ ಸ್ಟೇರಿಂಗನ್ನು ಇನ್ನಷ್ಟು ತಿರುಗಿಸಬೇಡಿ. ಆಕ್ಸಿಲರೇಟರ್‌ನಿಂದ ಮೆಲ್ಲಗೆ ಕಾಲು ತೆಗೆದು ತಿರುಗಿಸಿದ ಸ್ಟೇರಿಂಗನ್ನು ತುಸು ನೇರಕ್ಕೆ ತಂದರೆ ತೂಕ ಮುಂದಕ್ಕೆ ಬಂದು ಟೈರ್ ಮತ್ತೆ ಹಿಡಿಯುತ್ತದೆ.

ಸುಗ್ಗಿಯಲ್ಲಿ ನಮ್ಮ ಕಡೆ ಮೆಕ್ಕೆಜೋಳವನ್ನು ರಸ್ತೆಯ ಮೇಲೇ ಒಣಹಾಕುತ್ತಾರೆ. ಕಾಳಿನ ಮೇಲೆ ಯಾವ ಟೈರೂ ಹಿಡಿಯದು. ರೈತರಿಗೆ ಒಕ್ಕಣೆ ಕಣ ಕಟ್ಟಿಸಿಕೊಡುವುದು ಆಡಳಿತದ ಹೊಣೆ. ಅಲ್ಲಿಯವರೆಗೆ ತಿರುವುಗಳನ್ನಾದರೂ ಬಿಟ್ಟು ಹರಡುವಂತೆ ಗ್ರಾಮ ಪಂಚಾಯಿತಿಗಳು ಈಗಲೇ ತಿಳಿಹೇಳಲಿ.

– ಓದುಗರು, ದಾವಣಗೆರೆ