ಮದುವೆ ಸರ್ಟಿಫಿಕೇಟಿಗೆ ಮಂಗಳೂರಿನಲ್ಲೇ ಸೀಲು ಬೀಳಲಿ: ಮುಖ್ಯಮಂತ್ರಿಗಳಿಗೆ ಬಹಿರಂಗ ಪತ್ರ

ಮಾನ್ಯ ಮುಖ್ಯಮಂತ್ರಿಗಳಿಗೆ ನಮಸ್ಕಾರಗಳು.

ನಾನು ಉಡುಪಿ ಜಿಲ್ಲೆಯವನು, ಈಗ ದುಬೈನಲ್ಲಿದ್ದೇನೆ. ಗಲ್ಫ್‌ನಲ್ಲಿ ಒಬ್ಬರೂ ಇಲ್ಲದ ಮನೆ ನಮ್ಮ ಕರಾವಳಿಯಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಹೀಗೆ ಹೊರಗಿರುವ ಹುಡುಗರು ಮದುವೆಯಾದ ಮೇಲೆ ಹೆಂಡತಿಯನ್ನು ಕರೆಸಿಕೊಳ್ಳಲು ಪಡುವ ಪಾಡಿನ ಬಗ್ಗೆ ಬರೆಯುತ್ತಿದ್ದೇನೆ. ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಮದುವೆ ಮತ್ತು ಜನನ ಸರ್ಟಿಫಿಕೇಟುಗಳು ಅಸಲಿ ಎಂದು ಗೃಹ ಇಲಾಖೆ ಹಾಕುವ ಸೀಲು ಮಂಗಳೂರಿನಲ್ಲೇ ಸಿಗುವಂತೆ ಮಾಡಿ.

ಯುಎಇಯ ನಿಯಮ ಬದಲಿಸಿ ಎಂದು ನಾನು ನಿಮ್ಮನ್ನು ಕೇಳುತ್ತಿಲ್ಲ. ಹೆಂಡತಿಗೆ ವೀಸಾ ಮಾಡಿಸಲು ತಿಂಗಳಿಗೆ 4,000 ದಿರ್ಹಮ್ ಸಂಬಳ ಇರಬೇಕು, ಇಲ್ಲವೇ 3,000 ದಿರ್ಹಮ್ ಜೊತೆಗೆ ಕಂಪನಿಯ ಮನೆ ಇರಬೇಕು. ಬಾಡಿಗೆ ಕರಾರು ಬೇಕು, ಆರೋಗ್ಯ ತಪಾಸಣೆ ಆಗಬೇಕು. ಇದನ್ನೆಲ್ಲ ನಮ್ಮ ಹುಡುಗರು ಹೇಗೋ ಹೊಂದಿಸಿಕೊಳ್ಳುತ್ತಾರೆ. ಅವರು ಸೋಲುವುದು ಊರಿನ ಒಂದು ಕಾಗದದ ಮುಂದೆ.

ಆ ಕಾಗದದ ದಾರಿ ಇದು. ಉಪನೋಂದಣಾಧಿಕಾರಿ ಕೊಟ್ಟ ಮದುವೆ ಸರ್ಟಿಫಿಕೇಟಿಗೆ ಮೊದಲು ಬೆಂಗಳೂರಿನಲ್ಲಿರುವ ರಾಜ್ಯ ಗೃಹ ಇಲಾಖೆ ಸೀಲು ಹಾಕಬೇಕು. ಆಮೇಲೆ ವಿದೇಶಾಂಗ ಸಚಿವಾಲಯ. ಅದಾದ ಮೇಲೆ ಯುಎಇ ರಾಯಭಾರ ಕಚೇರಿ. ಇಲ್ಲಿಗೆ ಬಂದ ಮೇಲೆ ಇಲ್ಲಿನ ವಿದೇಶಾಂಗ ಇಲಾಖೆ. ಕೊನೆಗೆ ಅರೇಬಿಕ್ ಅನುವಾದ. ಒಮಾನ್, ಬಹರೇನ್, ಸೌದಿಗೆ ಹೋಗುವವರಿಗೆ ಅಪೋಸ್ಟಿಲ್ (ಅಂತರರಾಷ್ಟ್ರೀಯ ಒಪ್ಪಂದದಂತೆ ನಮ್ಮ ವಿದೇಶಾಂಗ ಸಚಿವಾಲಯ ಕೊಡುವ ದೃಢೀಕರಣ) ಇರುವುದರಿಂದ ರಾಯಭಾರ ಕಚೇರಿಯ ಸುತ್ತು ತಪ್ಪುತ್ತದೆ. ಯುಎಇ, ಕತಾರ್, ಕುವೈತ್ ಆ ಒಪ್ಪಂದದಲ್ಲಿಲ್ಲ. ಯಾವ ದೇಶವಾದರೂ ಮೊದಲ ಸೀಲು ಮಾತ್ರ ರಾಜ್ಯದ್ದೇ. ಈ ಸರಪಳಿಯಲ್ಲಿ ನಿಮ್ಮ ಕೈಯಲ್ಲಿರುವುದು ಅದೊಂದೇ, ಕರಾವಳಿಯವರಿಗೆ ದೂರವಾಗಿರುವುದೂ ಅದೇ.

ನನ್ನ ಜೊತೆ ರೂಮಿನಲ್ಲಿದ್ದ ಕುಂದಾಪುರದ ಹುಡುಗನೊಬ್ಬ ಒಂದು ತಿಂಗಳ ರಜೆಯಲ್ಲಿ ಊರಿಗೆ ಹೋಗಿ ಮದುವೆಯಾಗಿ ಬಂದ. ರಜೆ ಅಂದರೆ ಗೊತ್ತಲ್ವಾ, ಛತ್ರ, ನೆಂಟರ ಮನೆ ಊಟ, ದೇವಸ್ಥಾನ ಅಂತ ಮುಗಿದೇ ಹೋಗುತ್ತದೆ. ವಾಪಸ್ ಹೊರಡುವ ಮುಂಚೆ ನೋಂದಣಿ ಆಯಿತು. ಬೆಂಗಳೂರಿಗೆ ಹೋಗಿ ಬರಲು ದಿನ ಉಳಿದಿರಲಿಲ್ಲ. ಏಜೆಂಟರ ಕೈಗೆ ಕಾಗದ ಕೊಟ್ಟು ವಿಮಾನ ಹತ್ತಿದ. ವೀಸಾಕ್ಕೆ ಬಾಡಿಗೆ ಕರಾರು ಬೇಕಲ್ಲ, ಅದಕ್ಕೆ ಹಂಚಿಕೊಂಡ ರೂಮಿನ ಬೆಡ್ ಸ್ಪೇಸ್ ಬಿಟ್ಟು ಚಿಕ್ಕ ಸ್ಟುಡಿಯೋ ಫ್ಲ್ಯಾಟ್ ಹಿಡಿದ. ಹೊಸ ಕುಕ್ಕರ್ ಡಬ್ಬದಲ್ಲೇ ಇತ್ತು. ಬಾಡಿಗೆ ಚೆಕ್ ಒಂದರ ಹಿಂದೆ ಒಂದು ಪಾಸಾಗುತ್ತಿತ್ತು. ‘ಪೇಪರ್ ಎಲ್ಲಿಗೆ ಬಂತು?’ ಎಂದು ಕೇಳಿದಾಗಲೆಲ್ಲ ಏಜೆಂಟರದು ಒಂದೇ ಉತ್ತರ: ‘ಪ್ರೊಸೆಸ್‌ನಲ್ಲಿದೆ.’ ಅಲ್ಲಿ ಆ ಹುಡುಗಿ ಗಂಡನಿಲ್ಲದ ಗಂಡನ ಮನೆಯಲ್ಲಿ ಕೂತು, ಯಾವಾಗ ಹೋಗ್ತೀಯಮ್ಮ ಎಂದು ಕೇಳಿದವರಿಗೆಲ್ಲ ಉತ್ತರ ಹೇಳಬೇಕಿತ್ತು.

ಕೊನೆಗೆ ಗೊತ್ತಾದದ್ದು, ಕಾಗದ ಮೊದಲ ಹೆಜ್ಜೆಯಲ್ಲೇ ನಿಂತಿತ್ತು. ಹಾಳಾಗದಿರಲಿ ಎಂದು ಮನೆಯವರು ಅದನ್ನು ಲ್ಯಾಮಿನೇಟ್ ಮಾಡಿಸಿದ್ದರು. ಸೀಲುಗಳೆಲ್ಲ ಬೀಳುವುದು ಸರ್ಟಿಫಿಕೇಟಿನ ಹಿಂಬದಿಗೆ. ಪ್ಲಾಸ್ಟಿಕ್ ಮೇಲೆ ಸೀಲು ಹೊಡೆಯಲಾಗುತ್ತದೆಯೇ? ಕೌಂಟರ್ ಮಂಗಳೂರಿನಲ್ಲಿದ್ದಿದ್ದರೆ ಮಾವನೋ ಮೈದುನನೋ ಬಸ್ಸಿನಲ್ಲಿ ಹೋಗಿ, ಮಧ್ಯಾಹ್ನದೊಳಗೆ ವಿಷಯ ತಿಳಿದು, ಹೊಸ ಪ್ರತಿಗೆ ಅರ್ಜಿ ಹಾಕಿ ಬರುತ್ತಿದ್ದರು.

ನೋಂದಣಿಯಲ್ಲಿ ನಿಮ್ಮ ಸರ್ಕಾರ ಒಳ್ಳೆಯ ಕೆಲಸ ಮಾಡಿದೆ. 2024ರಲ್ಲಿ ಹಿಂದೂ ಮದುವೆಯನ್ನು ನೋಂದಣಿ ಇಲಾಖೆಯ ಜಾಲತಾಣ ಕಾವೇರಿ 2.0ರಲ್ಲಿ ಮನೆಯಿಂದಲೇ ನೋಂದಾಯಿಸಲು ದಾರಿ ಮಾಡಿಕೊಟ್ಟಿತು. ಅಷ್ಟು ಮಾಡಿದವರಿಗೆ ಮುಂದಿನ ಸೀಲನ್ನೂ ಹತ್ತಿರಕ್ಕೆ ತರುವುದು ಕಷ್ಟವೇ?

ಪಕ್ಕದ ಕೇರಳವನ್ನು ನೋಡಿ. ಹೊರದೇಶದಲ್ಲಿರುವವರಿಗಾಗಿ 1996ರಲ್ಲೇ ಅಲ್ಲಿ ‘ನೋರ್ಕಾ’ ಎಂಬ ಇಲಾಖೆ ಹುಟ್ಟಿತು. ಅದರ ಸಂಸ್ಥೆಯಾದ ನೋರ್ಕಾ ರೂಟ್ಸ್‌ನ ಅಟೆಸ್ಟೇಶನ್ (ದೃಢೀಕರಣ) ಕೇಂದ್ರಗಳು ತಿರುವನಂತಪುರ, ಎರ್ನಾಕುಲಂ, ಕೋಝಿಕ್ಕೋಡ್‌ನಲ್ಲಿವೆ. ಮಲಬಾರಿನವರಿಗೆ ಹತ್ತಿರದಲ್ಲೇ ಒಂದು ಕೇಂದ್ರವಿದೆ. ನಮ್ಮಲ್ಲೂ ಅನಿವಾಸಿ ಭಾರತೀಯ ಸಮಿತಿ ಇದೆ, ಅದಕ್ಕೆ ಮುಖ್ಯಮಂತ್ರಿಗಳೇ ಅಧ್ಯಕ್ಷರು. ಅದು ಅನಿವಾಸಿ ಕನ್ನಡಿಗ ಕಾರ್ಡ್ ಕೊಡುತ್ತದೆ, ಸಂತೋಷ. ಆದರೆ ಭಟ್ಕಳದಿಂದ ಸುಳ್ಯದವರೆಗಿನ ಜನಕ್ಕೆ ಕಾರ್ಡಿಗಿಂತ ಒಂದು ಕೌಂಟರ್ ಜಾಸ್ತಿ ಉಪಕಾರ ಮಾಡುತ್ತದೆ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಬೆಂಗಳೂರು ಇನ್ನೂ ದೂರವಾಗುತ್ತದೆ ಎಂಬುದು ನಿಮಗೆ ತಿಳಿಯದ್ದೇನಲ್ಲ.

ಒಮ್ಮೆ ವೀಸಾ ಆದರೆ ಮುಗಿಯಿತು ಎಂದಲ್ಲ. ಯುಎಇಯಿಂದ ಹೊರಗೆ ಸತತ 180 ದಿನಕ್ಕಿಂತ ಹೆಚ್ಚು ಇದ್ದರೆ ಸಾಮಾನ್ಯ ವಾಸದ ವೀಸಾ ರದ್ದಾಗುತ್ತದೆ. ನಮ್ಮಲ್ಲಿ ಹೆರಿಗೆ, ಬಾಣಂತನ ಅಂದರೆ ತವರಿಗೇ ಹೋಗುವುದು. ತಿಂಗಳು ತುಂಬಿದ ಬಸುರಿಯನ್ನು ವಿಮಾನಕ್ಕೆ ಹತ್ತಿಸುವುದಿಲ್ಲವಾದ್ದರಿಂದ ಮೊದಲೇ ಹೊರಡಬೇಕು. ಹೆರಿಗೆಯಾದ ಮೇಲೆ ಕೂಸಿಗೆ ಜನನ ಸರ್ಟಿಫಿಕೇಟ್, ಪಾಸ್‌ಪೋರ್ಟ್ ಆಗಬೇಕು. ಆ ಸರ್ಟಿಫಿಕೇಟೂ ಮತ್ತದೇ ಸೀಲುಗಳ ದಾರಿ ಹಿಡಿಯಬೇಕು. ಎಣ್ಣೆ ನೀರು ಮಾಡಿಸಿಕೊಂಡು ಮಲಗಬೇಕಾದವಳು ಕ್ಯಾಲೆಂಡರ್ ನೋಡುತ್ತಾ ಕೂರುತ್ತಾಳೆ. ಇದಕ್ಕೆ ಅಪ್ಪ ಅಮ್ಮ ಏನು ಮಾಡಲಿ ಹೇಳಿ.

ದೊಡ್ಡ ಕಟ್ಟಡ ಬೇಡ. ಮಂಗಳೂರಿನ ಜಿಲ್ಲಾಧಿಕಾರಿ ಕಚೇರಿಯಲ್ಲಿ ಒಂದು ಕೌಂಟರ್, ಸೀಲು ಹಾಕುವ ಅಧಿಕಾರ ಇರುವ ಒಬ್ಬ ಅಧಿಕಾರಿ ಸಾಕು. ಶುಲ್ಕ ಎಷ್ಟೆಂದು ಗೋಡೆಯ ಮೇಲೆ ಬರೆಸಿ. ಕಾಗದ ಎಲ್ಲಿದೆ ಎಂದು ಮೊಬೈಲಿನಲ್ಲಿ ನೋಡುವ ಹಾಗಿರಲಿ. ಇನ್ನೊಂದು ಚಿಕ್ಕ ಮಾತು. ಮದುವೆ ನೋಂದಾಯಿಸುವಾಗಲೇ ಇಬ್ಬರ ಹೆಸರೂ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇದೆಯೇ ಎಂದು ನೋಡಲು, ‘ಲ್ಯಾಮಿನೇಟ್ ಮಾಡಿಸಬೇಡಿ’ ಎಂದು ಹೇಳಲು ಸಿಬ್ಬಂದಿಗೆ ಸೂಚಿಸಿ. ಅದಕ್ಕೆ ಸರ್ಕಾರಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಹೆಸರುಗಳ ತಪಾಸಣೆ ಒಂದು ಸುತ್ತೋಲೆಯಿಂದ ನಾಳೆಯೇ ಶುರುವಾಗಬಹುದು. ಕೌಂಟರಿಗೆ ಮುಂದಿನ ಬಜೆಟ್‌ನಲ್ಲಿ ಜಾಗ ಕೊಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ದುಬೈನಲ್ಲಿರುವ ಉಡುಪಿ ಜಿಲ್ಲೆಯ ಒಬ್ಬ ಕನ್ನಡಿಗ