ಆಟೋ ಸ್ಟಾರ್ಟರ್‌ಗಳಿಗೆ ಸರದಿ ಹಾಕಿ

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ಅರಸೀಕೆರೆ ಕಡೆಯ ತೆಂಗಿನ ತೋಟಗಳಲ್ಲಿ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಸುಟ್ಟಿತೆಂಬ ದೂರು ಮಾಮೂಲು. ಓವರ್‌ಲೋಡ್ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಲೆಕ್ಕ ಹಾಕಿದರೆ, ಓಡುತ್ತಿರುವ ಪಂಪ್ ಮೋಟರಿಗಿಂತ ಒಟ್ಟಿಗೆ ಹೊರಡುವ ಮೋಟರುಗಳೇ ಟಿ.ಸಿ.ಗೆ ಕಂಟಕ.

63 ಕೆವಿಎ ಸಾಮರ್ಥ್ಯದ ಟಿ.ಸಿ. ಪೂರ್ತಿ ಲೋಡಿನಲ್ಲೂ 11 ಕೆವಿ ಲೈನಿನಿಂದ ಎಳೆಯುವುದು ಬರೀ 3.3 ಆಂಪಿಯರ್. ಅದೇ ಲೋಡು 433 ವೋಲ್ಟಿನ ಕಡೆ ಫೇಸಿಗೆ 84 ಆಂಪಿಯರ್ ಆಗುತ್ತದೆ. 7.5 ಎಚ್‌ಪಿ ಮೋಟರ್ ಸುಮಾರು 11 ಆಂಪಿಯರ್ ತಗೊಳ್ಳುತ್ತದೆ. ಏಳು ಓಡಿದರೆ 77, ಟಿ.ಸಿ. ತಾಳುತ್ತದೆ. ಹೊರಡುವಾಗ ಮಾತ್ರ ಪ್ರತಿಯೊಂದಕ್ಕೂ ಐದಾರು ಪಟ್ಟು ಬೇಕು. ತ್ರೀಫೇಸ್ ಕರೆಂಟು ಬಂದ ಕ್ಷಣ ಏಳೂ ಆಟೋ ಸ್ಟಾರ್ಟರ್ (ಕರೆಂಟು ಬಂದೊಡನೆ ತಾನಾಗಿ ಮೋಟರ್ ಹಾಕುವ ಪೆಟ್ಟಿಗೆ) ಒಟ್ಟಿಗೆ ಎತ್ತಿಕೊಂಡರೆ 400 ಆಂಪಿಯರ್ ದಾಟಬಹುದು. ಆಗ ವೋಲ್ಟೇಜ್ ಕುಸಿಯುತ್ತದೆ. ಶೇ 20ರಷ್ಟು ಕುಸಿದರೆ ಮೋಟರಿನ ತಿರುಗುಬಲ ಶೇ 64ಕ್ಕೆ ಇಳಿಯುತ್ತದೆ. ವೇಗ ಹಿಡಿಯುವವರೆಗೆ ಕರೆಂಟು ತಗ್ಗದು, ವೋಲ್ಟೇಜ್ ಇಲ್ಲದೆ ವೇಗ ಹಿಡಿಯದು. ಕ್ಷಣದಲ್ಲಿ ಮುಗಿಯಬೇಕಾದ ಎಳೆತ ಮುಗಿಯುವುದೇ ಇಲ್ಲ. ಟಿ.ಸಿ.ಯೊಳಗಿನ ವೈಂಡಿಂಗ್ (ತಂತಿ ಸುರುಳಿ) ಬಿಸಿಯೇರುತ್ತದೆ, ಎಣ್ಣೆ ಕುದಿಯುತ್ತದೆ. ಫ್ಯೂಸಾದರೂ ಹೋಗಬೇಕಲ್ಲ? ಅದರ ಜಾಗದಲ್ಲಿ ಯಾರೋ ಅಲ್ಯೂಮಿನಿಯಂ ತಂತಿಯನ್ನೇ ಸುತ್ತಿರುತ್ತಾರೆ. ಫ್ಯೂಸ್ ಉಳಿಯುತ್ತದೆ, ಟಿ.ಸಿ. ಹೋಗುತ್ತದೆ.

ಇದನ್ನು ತಪ್ಪಿಸಲು ದುಡ್ಡೇನೂ ಬೇಡ. ಹೆಚ್ಚಿನ ಆಟೋ ಸ್ಟಾರ್ಟರ್‌ಗಳಲ್ಲಿ, ಕರೆಂಟು ಬಂದು ಎಷ್ಟು ಹೊತ್ತಾದ ಮೇಲೆ ಮೋಟರ್ ಹೊರಡಬೇಕೆಂದು ಇಡುವ ಟೈಮರ್ ಇರುತ್ತದೆ. ಒಂದೇ ಟಿ.ಸಿ.ಯ ರೈತರು ಕೂತು ಮಾತಾಡಿ, ಮೊದಲನೆಯವರು 30 ಸೆಕೆಂಡು, ಎರಡನೆಯವರು 60, ಮೂರನೆಯವರು 90 ಎಂದು ಸರದಿಯಲ್ಲಿ ಇಟ್ಟುಕೊಂಡರಾಯಿತು. ಜೊತೆಗೆ 7.5 ಎಚ್‌ಪಿಗೆ 3 ಕೆವಿಎಆರ್ ಕೆಪ್ಯಾಸಿಟರ್ ಹಾಕಿಸಿದರೆ ಲೈನಿನ ಮೇಲೆ ಒಂದೂವರೆ ಆಂಪಿಯರಾದರೂ ಇಳಿಯುತ್ತದೆ.

ಇನ್ನೊಂದು ತೊಂದರೆ ರೈತರ ಕೈಯಲ್ಲಿಲ್ಲ. ಟಿ.ಸಿ.ಯಿಂದ ಪಂಪಿಗೆ ಹೋಗುವ ಎಲ್‌ಟಿ (ಕಡಿಮೆ ವೋಲ್ಟಿನ) ಲೈನನ್ನು ವಿದ್ಯುತ್ ಕಂಪನಿಯವರು ಕಿಲೋಮೀಟರುಗಟ್ಟಲೆ ಎಳೆದಿರುತ್ತಾರೆ. ಈ ಲೈನಿಗೆ ಹಾಕುವ ರ್‍ಯಾಬಿಟ್ ಎಂಬ ತಂತಿಗೆ ಕಿಲೋಮೀಟರಿಗೆ ಸುಮಾರು ಅರ್ಧ ಓಮ್ ರೋಧ. ಒಂದು ಕಿಲೋಮೀಟರ್ ತುದಿಯಲ್ಲಿ 50 ಆಂಪಿಯರ್ ಎಳೆದರೆ ಫೇಸಿಗೆ 25 ವೋಲ್ಟ್ ದಾರಿಯಲ್ಲೇ ಹೋಯಿತು. ಇನ್ನೂ ಸಣ್ಣ ವೀಸಲ್ ತಂತಿಯಾದರೆ ಕೇಳುವುದೇ ಬೇಡ. ಸುಟ್ಟ ಟಿ.ಸಿ. ಬದಲಿಸುವಾಗ ಹಳೇ ಕಂಬಕ್ಕೇ ಮತ್ತೆ ಏರಿಸುವ ಬದಲು, 11 ಕೆವಿ ಲೈನನ್ನು ತೋಟದ ನಡುವಿನತನಕ ಒಯ್ದು 25 ಕೆವಿಎಯ ಮೂರು ಟಿ.ಸಿ. ಕೂರಿಸಲಿ. ಒಂದು ಕೆಟ್ಟರೂ ಉಳಿದವರ ನೀರು ನಿಲ್ಲುವುದಿಲ್ಲ.

– ಓದುಗರು, ಅರಸೀಕೆರೆ, ಹಾಸನ ಜಿಲ್ಲೆ